ಐವತ್ತು ಸಾವಿರ ದನಗಳ ಗೋದಲಿ

ಕೊಟ್ಟಿಗೆಯಲ್ಲಿ ಒಂದು ಜೊತೆ ಎತ್ತನ್ನೂ ಒಂದು ಹಸುವನ್ನೂ ಕಟ್ಟಿಕೊಂಡಿರುವ ರೈತನು ಬೆಳಗ್ಗೆ ಎದ್ದೊಡನೆ ಮಾಡುವ ಮೊದಲ ಕೆಲಸಗಳಲ್ಲಿ ಗೋದಲಿಯನ್ನು ನೋಡುವುದೂ ಒಂದು. ರಾತ್ರಿ ಹಾಕಿದ ಮೇವು ಪೂರ್ತಿಯಾಗಿ ಮುಗಿದಿದೆಯೆ, ಅರ್ಧ ಉಳಿದಿದೆಯೆ, ಇಲ್ಲವೆ ದನವು ಮೂಸಿ ಹಾಗೆಯೇ ಬಿಟ್ಟಿದೆಯೆ ಎಂಬುದನ್ನು ಕಂಡಮಾತ್ರಕ್ಕೆ ಆ ದನದ ಆರೋಗ್ಯ ಹೇಗಿದೆ, ಇಂದು ಅದಕ್ಕೆ ಎಷ್ಟು ಮೇವು ಹಾಕಬೇಕು ಎಂಬುದು ಅವನಿಗೆ ತಿಳಿದುಹೋಗುತ್ತದೆ. ಇದಕ್ಕೆ ತಕ್ಕಡಿಯೂ ಬೇಡ, ಲೆಕ್ಕದ ಪುಸ್ತಕವೂ ಬೇಡ. ಆದರೆ ದನಗಳ ಸಂಖ್ಯೆ ಮೂರರಿಂದ ಐವತ್ತು ಸಾವಿರಕ್ಕೆ ಏರಿದರೆ ಗೋದಲಿಯನ್ನು ನೋಡುವವರು ಯಾರು? ನೋಡಿದುದನ್ನು ನೆನಪಿನಲ್ಲಿ ಇಟ್ಟುಕೊಳ್ಳುವವರು ಯಾರು? ಈ ಪ್ರಶ್ನೆಗೆ ಗಣಕಯಂತ್ರವು ಕೊಟ್ಟಿರುವ ಉತ್ತರವೇನು, ಆ ಉತ್ತರವು ಎಲ್ಲಿಯವರೆಗೆ ಸರಿ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ದೊಡ್ಡಿಯ ಸ್ವರೂಪ

ಐವತ್ತು ಸಾವಿರ ದನಗಳನ್ನು ಒಂದೆಡೆ ಸಾಕುವ ಸ್ಥಳಗಳು ಕಲ್ಪನೆಯ ಮಾತಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಟೆಕ್ಸಾಸ್ ಸಂಸ್ಥಾನದ ಉತ್ತರದ ತುದಿ, ಕ್ಯಾನ್ಸಸ್ ಸಂಸ್ಥಾನದ ಪಶ್ಚಿಮಭಾಗ, ನೆಬ್ರಾಸ್ಕ ಇವೇ ಮೊದಲಾದ ಬಯಲುಸೀಮೆಗಳಲ್ಲಿ ಇವು ಹರಡಿಕೊಂಡಿವೆ. ಅಲ್ಲಿಯವರು ಇವನ್ನು ‘ಫೀಡ್‌ಲಾಟ್’ ಎನ್ನುತ್ತಾರೆ. ನಾವು ಮೇವಿನ ದೊಡ್ಡಿ ಎಂದು ಕರೆಯೋಣ. ಹುಲ್ಲುಗಾವಲಿನಲ್ಲಿ ಬೆಳೆದು ಸುಮಾರು ೩೦೦ರಿಂದ ೩೫೦ ಕಿಲೋಗ್ರಾಂ ತೂಕಕ್ಕೆ ಬಂದ ಎಳೆಯ ದನಗಳನ್ನು ಇಲ್ಲಿಗೆ ತಂದು, ನಾಲ್ಕರಿಂದ ಆರು ತಿಂಗಳ ಕಾಲ ಮುಖ್ಯವಾಗಿ ಮುಸುಕಿನ ಜೋಳದ ಆಹಾರವನ್ನು ಕೊಟ್ಟು, ೬೦೦ ಕಿಲೋಗ್ರಾಂ ಸಮೀಪಕ್ಕೆ ಬಂದಾಗ ಮಾಂಸದ ಮಾರುಕಟ್ಟೆಗೆ ಕಳುಹಿಸುವುದು ಅಲ್ಲಿಯ ಕ್ರಮ. ಟೆಕ್ಸಾಸಿನ ಹಿಯರ್‌ಫರ್ಡ್ ಎಂಬ ಪಟ್ಟಣಕ್ಕಂತೂ ಅದೇ ಹೆಸರಿನ ದನದ ತಳಿಯಿಂದಲೇ ಹೆಸರು ಬಂದಿದೆ.

ಈ ಉದ್ಯಮವು ಎಷ್ಟರ ಮಟ್ಟಿಗೆ ದೊಡ್ಡ ದೊಡ್ಡಿಗಳ ಕೈಸೇರಿದೆಯೆಂದರೆ, ಸಾವಿರ ಮತ್ತು ಅದಕ್ಕೂ ಹೆಚ್ಚು ದನಗಳು ಹಿಡಿಸುವ ದೊಡ್ಡಿಗಳು ಆ ದೇಶದ ಒಟ್ಟು ದೊಡ್ಡಿಗಳಲ್ಲಿ ನೂರಕ್ಕೆ ಐದರಷ್ಟೂ ಇಲ್ಲ. ಆದರೂ ಹೀಗೆ ಮೇಯಿಸಿ ಮಾರುವ ದನಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚಿನವು ಅವುಗಳಿಂದಲೇ ಹೊರಡುತ್ತವೆ. ಒಂದೊಂದು ದೊಡ್ಡಿಯಲ್ಲಿಯೂ ಬೇಲಿ ಹಾಕಿದ ಅನೇಕ ಅಂಕಣಗಳಿರುತ್ತವೆ. ಒಂದು ಅಂಕಣದಲ್ಲಿ ನೂರೋ ಇನ್ನೂರೋ ದನಗಳು. ಅಂಕಣದ ಮುಂಭಾಗದಲ್ಲಿ ಉದ್ದಕ್ಕೂ ಕಾಂಕ್ರೀಟಿನ ಗೋದಲಿ. ಗೋದಲಿಯ ಆಚೆಗೆ ಮೇವಿನ ಲಾರಿ ಓಡಾಡುವ ದಾರಿ. ದನವೊಂದು ದಿನಕ್ಕೆ ಸುಮಾರು ಹತ್ತು ಕಿಲೋಗ್ರಾಂ ಒಣ ಆಹಾರವನ್ನು ತಿನ್ನುತ್ತದೆಂದು ಇಟ್ಟುಕೊಂಡರೂ ಐವತ್ತು ಸಾವಿರ ದನಗಳಿಗೆ ಪ್ರತಿದಿನವೂ ಐನೂರು ಟನ್ ಆಹಾರವನ್ನು ಬೆರೆಸಿ, ತೂಗಿ, ಹಂಚಬೇಕಾಗುತ್ತದೆ. ಒಂದು ಕಿಲೋಗ್ರಾಮಿನಲ್ಲಿ ಕೆಲವು ಪೈಸೆಗಳ ವ್ಯತ್ಯಾಸವಾದರೂ ವರ್ಷದ ಕೊನೆಗೆ ಅದು ಭಾರಿ ಮೊತ್ತವಾಗುವುದು ಸ್ಪಷ್ಟ.

ಅಗ್ಗದ ಆಹಾರದ ಗಣಿತ

ಗಣಕಯಂತ್ರವು ದನದ ಮೇವಿನ ಕ್ಷೇತ್ರಕ್ಕೆ ಕಾಲಿಟ್ಟ ಕಥೆಯು ಮನುಷ್ಯರ ಊಟದಿಂದ ಪ್ರಾರಂಭವಾಗುತ್ತದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ ೧೯೪೫ರಲ್ಲಿ ಒಂದು ಪ್ರಶ್ನೆಯನ್ನೆತ್ತಿದನು: ಎಪ್ಪತ್ತೇಳು ಆಹಾರ ಪದಾರ್ಥಗಳ ಬೆಲೆಯೂ ಅವುಗಳಲ್ಲಿರುವ ಒಂಬತ್ತು ಪೋಷಕಾಂಶಗಳ ಪ್ರಮಾಣವೂ ಗೊತ್ತಿದ್ದರೆ, ಒಬ್ಬ ಮನುಷ್ಯನು ಆರೋಗ್ಯದಿಂದಿರಲು ಬೇಕಾಗುವ ಅತ್ಯಂತ ಅಗ್ಗದ ಆಹಾರ ಯಾವುದು? ಆಗ ಇದಕ್ಕೆ ನಿಶ್ಚಿತವಾದ ವಿಧಾನವಿರಲಿಲ್ಲ. ಸ್ಟಿಗ್ಲರನು ಜಾಣ್ಮೆಯಿಂದ ಊಹಿಸಿ, ೧೯೩೯ರ ಬೆಲೆಗಳಂತೆ ವರ್ಷಕ್ಕೆ ೩೯.೯೩ ಡಾಲರುಗಳೆಂದು ಉತ್ತರ ಕೊಟ್ಟನು. ಎರಡು ವರ್ಷಗಳ ಅನಂತರ ಜಾರ್ಜ್ ಡಾಂಟ್‌ಸಿಗ್ ಎಂಬ ಗಣಿತಜ್ಞನು ‘ಸಿಂಪ್ಲೆಕ್ಸ್’ ವಿಧಾನವನ್ನು ರೂಪಿಸಿದನು. ಅದನ್ನು ಪರೀಕ್ಷಿಸಲು ಈ ಊಟದ ಲೆಕ್ಕವನ್ನೇ ಆರಿಸಿಕೊಂಡರು. ಜ್ಯಾಕ್ ಲ್ಯಾಡರ್‌ಮನ್ ಎಂಬಾತನ ಮೇಲ್ವಿಚಾರಣೆಯಲ್ಲಿ ಒಂಬತ್ತು ಮಂದಿ ಗುಮಾಸ್ತರು ಕೈಯಿಂದ ನಡೆಸುವ ಲೆಕ್ಕದ ಯಂತ್ರಗಳನ್ನಿಟ್ಟುಕೊಂಡು ದುಡಿದರು. ಸುಮಾರು ೧೨೦ ಆಳುದಿನಗಳ ಕೆಲಸವಾಯಿತು. ಬಂದ ಉತ್ತರ ೩೯.೬೯ ಡಾಲರು. ಸ್ಟಿಗ್ಲರನ ಊಹೆಗೂ ಇದಕ್ಕೂ ಇದ್ದ ಅಂತರ ಕೇವಲ ೨೪ ಸೆಂಟು! ಆ ನೂರಿಪ್ಪತ್ತು ಆಳುದಿನಗಳ ಕೆಲಸವನ್ನು ಇಂದು ಕೈಯಲ್ಲಿ ಹಿಡಿಯುವ ಮೊಬೈಲು ಕಣ್ಣುಮುಚ್ಚಿ ತೆರೆಯುವುದರೊಳಗೆ ಮಾಡಿ ಮುಗಿಸಬಲ್ಲದು.

ಈ ಗಣಿತದ ತಿರುಳು ಪ್ರೌಢಶಾಲೆಯ ವಿದ್ಯಾರ್ಥಿಗೂ ಗ್ರಾಹ್ಯವಾದುದೇ. ಜೋಳ, ಒಣಹುಲ್ಲು ಎಂಬ ಎರಡೇ ಪದಾರ್ಥಗಳಿವೆಯೆಂದು ಭಾವಿಸಿ, ಒಂದರ ಪ್ರಮಾಣವನ್ನು ಅಡ್ಡರೇಖೆಯ ಮೇಲೂ ಇನ್ನೊಂದರದನ್ನು ಲಂಬರೇಖೆಯ ಮೇಲೂ ಗುರುತಿಸೋಣ. ‘ಶಕ್ತಿ ಇಷ್ಟಕ್ಕೆ ಕಡಿಮೆಯಾಗಬಾರದು’ ಎಂಬ ನಿಬಂಧನೆಯು ಒಂದು ಸರಳರೇಖೆಯಾಗುತ್ತದೆ. ‘ಪ್ರೋಟೀನು ಇಷ್ಟಕ್ಕೆ ಕಡಿಮೆಯಾಗಬಾರದು’, ‘ನಾರು ಇಷ್ಟಾದರೂ ಇರಬೇಕು’ ಎಂಬವು ಇನ್ನೆರಡು ರೇಖೆಗಳಾಗುತ್ತವೆ. ಎಲ್ಲ ನಿಬಂಧನೆಗಳನ್ನೂ ಪಾಲಿಸುವ ಮಿಶ್ರಣಗಳು ಈ ರೇಖೆಗಳಿಂದ ಸುತ್ತುವರಿದ ಒಂದು ಕ್ಷೇತ್ರದಲ್ಲಿರುತ್ತವೆ. ಬೆಲೆಯು ಅತ್ಯಂತ ಕಡಿಮೆಯಾಗುವ ಬಿಂದು ಈ ಕ್ಷೇತ್ರದ ಯಾವುದಾದರೊಂದು ಮೂಲೆಯಲ್ಲಿಯೇ ಸಿಕ್ಕುತ್ತದೆ. ಆದುದರಿಂದ ಕ್ಷೇತ್ರದಲ್ಲೆಲ್ಲ ಅಲೆಯದೆ ಮೂಲೆಯಿಂದ ಮೂಲೆಗೆ, ಪ್ರತಿ ಸಲವೂ ಬೆಲೆ ತಗ್ಗುವ ಕಡೆಗೆ, ಸಾಗಿದರೆ ಸಾಕು. ಪದಾರ್ಥಗಳು ಇಪ್ಪತ್ತೋ ಮೂವತ್ತೋ ಆದಾಗ ಚಿತ್ರ ಬರೆಯಲಾಗದು. ಆದರೆ ತತ್ತ್ವ ಇದೇ. ಫ್ರೆಡರಿಕ್ ವಾ ಎಂಬ ಅರ್ಥಶಾಸ್ತ್ರಜ್ಞನು ೧೯೫೧ರಲ್ಲಿ ಹಾಲು ಕೊಡುವ ಹಸುಗಳ ಅಗ್ಗದ ಮೇವಿನ ಲೆಕ್ಕಕ್ಕೆ ಇದನ್ನು ಅನ್ವಯಿಸಿದನು. ಇಂದು ಜೋಳದ ಬೆಲೆ ಏರಿದರೆ, ಹತ್ತಿಬೀಜದ ಬೆಲೆ ಇಳಿದರೆ, ದೊಡ್ಡಿಯ ಗಣಕಯಂತ್ರವು ಅಂದೇ ಮಿಶ್ರಣವನ್ನು ಹೊಸದಾಗಿ ಲೆಕ್ಕ ಹಾಕಿಕೊಡುತ್ತದೆ.

ದೇಹದ ಖರ್ಚು, ದೇಹದ ಗಳಿಕೆ

ಮಿಶ್ರಣದಲ್ಲಿ ಶಕ್ತಿ ಇಷ್ಟಿರಬೇಕೆಂದು ಹೇಳುವುದಕ್ಕೆ ದನಕ್ಕೆ ಬೇಕಾದ ಶಕ್ತಿ ಎಷ್ಟೆಂಬುದು ಮೊದಲು ತಿಳಿದಿರಬೇಕಷ್ಟೆ. ಇಲ್ಲಿ ನೆರವಿಗೆ ಬಂದವರು ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಡೇವಿಸ್ ಶಾಖೆಯ ವಿಜ್ಞಾನಿಗಳು. ಪ್ರಾಣಿಯ ದೇಹವು ವಿಶ್ರಾಂತಿಯಲ್ಲಿ ಖರ್ಚುಮಾಡುವ ಶಕ್ತಿಯು ಅದರ ತೂಕಕ್ಕೆ ನೇರವಾಗಿ ಅನುಪಾತವಾಗಿರದೆ, ತೂಕದ ಸುಮಾರು ಮುಕ್ಕಾಲು ಘಾತಕ್ಕೆ ಅನುಪಾತವಾಗಿರುತ್ತದೆಂದು ಅಲ್ಲಿಯ ಮ್ಯಾಕ್ಸ್ ಕ್ಲೈಬರ್ ೧೯೩೨ರಿಂದ ಪ್ರತಿಪಾದಿಸುತ್ತ ಬಂದನು. ತೂಕವು ಎರಡರಷ್ಟಾದರೆ ಖರ್ಚು ಎರಡರಷ್ಟಾಗದು, ಸುಮಾರು ೧.೬೮ರಷ್ಟು ಮಾತ್ರ ಆಗುತ್ತದೆ. ಇದನ್ನಾಧರಿಸಿ ೧೯೬೮ರಲ್ಲಿ ಲಾಫ್‌ಗ್ರೀನ್ ಮತ್ತು ಗ್ಯಾರೆಟ್ ಎಂಬ ಇಬ್ಬರು ಮೇವಿನ ಶಕ್ತಿಗೆ ಒಂದಲ್ಲ, ಎರಡು ಅಂಕಿಗಳನ್ನು ಕೊಡಬೇಕೆಂದು ತೋರಿಸಿದರು. ಒಂದು, ದೇಹವನ್ನು ಇದ್ದಂತೆ ಉಳಿಸಿಕೊಳ್ಳಲು ಒದಗುವ ಶಕ್ತಿ. ಇನ್ನೊಂದು, ಹೊಸದಾಗಿ ಮಾಂಸ ಕೊಬ್ಬುಗಳನ್ನು ಬೆಳೆಸಲು ಒದಗುವ ಶಕ್ತಿ. ಒಂದೇ ಜೋಳವು ಮೊದಲನೆಯ ಕೆಲಸಕ್ಕೆ ಹೆಚ್ಚಾಗಿಯೂ ಎರಡನೆಯದಕ್ಕೆ ಕಡಿಮೆಯಾಗಿಯೂ ಒದಗುತ್ತದೆ.

ಒಂದು ಉದಾಹರಣೆಯನ್ನು ನೋಡೋಣ. ೪೦೦ರ ಮುಕ್ಕಾಲು ಘಾತವೆಂದರೆ ೮೯.೪, ಅದನ್ನು ಅವರ ಸ್ಥಿರಾಂಕವಾದ ೦.೦೭೭ರಿಂದ ಗುಣಿಸಿದರೆ ೬.೯ ಬರುತ್ತದೆ. ೪೦೦ ಕಿಲೋಗ್ರಾಂ ತೂಕದ ದನವು ಸುಮ್ಮನೆ ಬದುಕಿರಲು ದಿನಕ್ಕೆ ೬.೯ ಮೆಗಾಕ್ಯಾಲರಿ ಬೇಕೆಂದಾಯಿತು. ಕಿಲೋಗ್ರಾಮಿಗೆ ಪೋಷಣೆಗಾಗಿ ೨.೦, ಬೆಳವಣಿಗೆಗಾಗಿ ೧.೩೫ ಮೆಗಾಕ್ಯಾಲರಿ ಒದಗಿಸುವ ಮಿಶ್ರಣವನ್ನು ಅದು ೯ ಕಿಲೋಗ್ರಾಂ ತಿಂದಿತೆನ್ನೋಣ. ಮೊದಲ ೩.೪೫ ಕಿಲೋಗ್ರಾಂ ಬದುಕುವುದಕ್ಕೇ ಹೋಯಿತು. ಉಳಿದ ೫.೫೫ ಕಿಲೋಗ್ರಾಂ ಮಾತ್ರ ಬೆಳವಣಿಗೆಗೆ ದಕ್ಕಿತು, ಅದರಿಂದ ೭.೫ ಮೆಗಾಕ್ಯಾಲರಿ. ಮರುದಿನ ಅದೇ ದನವು ಯಾವುದೋ ಕಾರಣದಿಂದ ಒಂದು ಕಿಲೋಗ್ರಾಂ ಕಡಿಮೆ ತಿಂದಿತು. ಆಹಾರದಲ್ಲಿ ಆದ ಇಳಿತ ನೂರಕ್ಕೆ ಹನ್ನೊಂದು. ಆದರೆ ಬದುಕುವ ಖರ್ಚು ಇಳಿಯದ ಕಾರಣ ಬೆಳವಣಿಗೆಯ ಶಕ್ತಿಯಲ್ಲಿ ಆಗುವ ಇಳಿತ ನೂರಕ್ಕೆ ಹದಿನೆಂಟು. ದನವು ಒಂದು ದಿನ ಮೇವು ಬಿಟ್ಟರೆ ದೊಡ್ಡಿಯವನು ಏಕೆ ಕಳವಳಗೊಳ್ಳುತ್ತಾನೆಂಬುದು ಈ ಸಣ್ಣ ಲೆಕ್ಕದಿಂದಲೇ ವಿದಿತವಾಗುತ್ತದೆ.

ತೂಗುವ ತಂತಿ

ಲೆಕ್ಕವು ಎಷ್ಟೇ ಸೂಕ್ಷ್ಮವಾಗಿದ್ದರೂ ಹಾಗೆಯೇ ತೂಗಿ ಹಾಕದಿದ್ದರೆ ಅದು ಕಾಗದದ ಮೇಲೆ ಉಳಿಯುತ್ತದೆ. ಹತ್ತಾರು ಟನ್ ಹೊತ್ತ ಮೇವಿನ ಲಾರಿಯು ಚಲಿಸುತ್ತ ಚಲಿಸುತ್ತಲೇ ತಾನು ಸುರಿದದ್ದೆಷ್ಟೆಂದು ತಿಳಿಯುವುದು ಹೇಗೆ? ಲಾರಿಯ ಪೆಟ್ಟಿಗೆಯನ್ನು ಉಕ್ಕಿನ ತುಂಡುಗಳ ಮೇಲೆ ಕೂರಿಸಿರುತ್ತಾರೆ. ಭಾರ ಬಿದ್ದಾಗ ಉಕ್ಕು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದರ ಮೈಗೆ ಅಂಟಿಸಿದ ತೆಳುವಾದ ಲೋಹದ ಎಳೆಯೂ ಹಿಗ್ಗುತ್ತದೆ. ಹಿಗ್ಗಿದ ಎಳೆಯ ವಿದ್ಯುದ್ರೋಧವು ಹೆಚ್ಚುತ್ತದೆ. ಎಳೆಯು ಸಾವಿರದಲ್ಲಿ ಒಂದು ಪಾಲು ಹಿಗ್ಗಿದರೆ ೩೫೦ ಓಮ್ ರೋಧದಲ್ಲಿ ಆಗುವ ಬದಲಾವಣೆ ಸುಮಾರು ೦.೭ ಓಮ್ ಮಾತ್ರ. ಇಷ್ಟು ಸಣ್ಣ ಬದಲಾವಣೆಯನ್ನು ಅಳೆಯುವುದಕ್ಕೆ ಬಳಸುವುದು ಪ್ರಯೋಗಶಾಲೆಯಲ್ಲಿ ನಮ್ಮ ವಿದ್ಯಾರ್ಥಿಗಳು ಕಂಡಿರತಕ್ಕ ವೀಟ್‌ಸ್ಟನ್ ಸೇತುವೆಯನ್ನೇ. ಈ ಎಳೆಯ ಮಾಪಕವನ್ನು ೧೯೩೮ರಲ್ಲಿ ಎಡ್ವರ್ಡ್ ಸಿಮನ್ಸ್, ಆರ್ಥರ್ ರೂಜ್ ಎಂಬ ಇಬ್ಬರು ಅಮೆರಿಕನ್ನರು ಬೇರೆ ಬೇರೆಯಾಗಿ ಕಂಡುಹಿಡಿದರು. ಇಂದು ಲಾರಿಯ ಗಣಕಯಂತ್ರವು ಉಪಗ್ರಹಗಳ ಸಂಕೇತದಿಂದಲೋ ಅಂಕಣದ ಬಳಿಯ ಗುರುತಿನಿಂದಲೋ ತಾನು ಯಾವ ಅಂಕಣದ ಮುಂದಿದ್ದೇನೆಂದು ಅರಿತು, ಅಲ್ಲಿ ಸುರಿದ ತೂಕವನ್ನು ದೊಡ್ಡಿಯ ಕಛೇರಿಗೆ ಆಗಲೇ ತಿಳಿಸುತ್ತದೆ.

ಟನ್ನುಗಳನ್ನು ತೂಗುವುದಕ್ಕಿಂತ ಗ್ರಾಮುಗಳನ್ನು ತೂಗುವುದು ಹೆಚ್ಚು ಎಚ್ಚರಿಕೆಯ ಕೆಲಸ. ಮೊನೆನ್ಸಿನ್ ಎಂಬ ಔಷಧವನ್ನು ಒಂದು ಟನ್ ಮೇವಿಗೆ ಸುಮಾರು ಮೂವತ್ತು ಗ್ರಾಮಿನಂತೆ ಬೆರೆಸುತ್ತಾರೆ. ದನದ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳ ಸಮತೋಲವನ್ನು ಬದಲಿಸಿ, ಅದೇ ಮೇವಿನಿಂದ ಹೆಚ್ಚಿನ ಪ್ರಯೋಜನ ದೊರೆಯುವಂತೆ ಇದು ಮಾಡುತ್ತದೆ. ಆದರೆ ದನಕ್ಕೆ ಹಿತವಾದ ಈ ಔಷಧವು ಕುದುರೆಗೆ ಘೋರ ವಿಷ. ಕುದುರೆಯ ತೂಕದ ಪ್ರತಿ ಕಿಲೋಗ್ರಾಮಿಗೆ ಎರಡು ಮೂರು ಮಿಲಿಗ್ರಾಂ ಸೇರಿದರೆ ಸಾವು ಬರಬಹುದು. ಈ ದೊಡ್ಡಿಗಳಲ್ಲಿ ದನಗಳನ್ನು ನೋಡಿಕೊಳ್ಳುವವರು ಇಂದಿಗೂ ಕುದುರೆಯ ಮೇಲೆಯೇ ತಿರುಗಾಡುವವರೆಂಬುದನ್ನು ನೆನೆದರೆ, ಯಾವ ಔಷಧ ಯಾವ ಹದದಲ್ಲಿ ಯಾವ ಲಾರಿಗೆ ಸೇರಿತೆಂಬ ದಾಖಲೆಯು ಗುಮಾಸ್ತರ ಶಿಸ್ತಿಗಾಗಿ ಮಾತ್ರ ಅಲ್ಲವೆಂಬುದು ಮನವರಿಕೆಯಾಗುತ್ತದೆ.

ಗೋದಲಿಯ ಸಾಕ್ಷ್ಯ

ಇಲ್ಲಿಯವರೆಗೆ ಹೇಳಿದುದೆಲ್ಲ ದನಕ್ಕೆ ಕೊಡುವ ವಿಷಯ. ಕೊಟ್ಟದ್ದು ದನದ ಹೊಟ್ಟೆಯಲ್ಲಿ ಏನಾಯಿತೆಂಬುದನ್ನು ಯಾವ ತಕ್ಕಡಿಯೂ ಹೇಳಲಾರದು. ಕಷ್ಟವಿರುವುದು ಇಲ್ಲಿಯೇ.

ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯ ಮೊದಲ ಕೋಣೆಯು ಒಂದು ಹುದುಗುಪಾತ್ರೆಯಂತೆ. ಅಲ್ಲಿರುವ ಅಸಂಖ್ಯಾತ ಸೂಕ್ಷ್ಮಜೀವಿಗಳು ಹುಲ್ಲನ್ನು ನಿಧಾನವಾಗಿ ಒಡೆಯುತ್ತವೆ. ಜೋಳದ ಪಿಷ್ಟವನ್ನಾದರೋ ಬಹು ಬೇಗ ಒಡೆದು ಆಮ್ಲವನ್ನಾಗಿ ಮಾಡುತ್ತವೆ. ಹುಲ್ಲು ಮೇಯುವ ದನದ ಹೊಟ್ಟೆಯ ಪಿಎಚ್ ಅಂಕಿ ೬ಕ್ಕೂ ೭ಕ್ಕೂ ನಡುವೆ ಇರುತ್ತದೆ. ಜೋಳವು ಒಮ್ಮೆಗೇ ಹೆಚ್ಚಾಗಿ ಸೇರಿದರೆ ಅದು ೫.೬ಕ್ಕಿಂತ ಕೆಳಗಿಳಿಯುತ್ತದೆ, ೫ಕ್ಕಿಂತಲೂ ಕೆಳಗಾದರೆ ದನವು ಪ್ರಾಣಾಪಾಯಕ್ಕೆ ಒಳಗಾಗುತ್ತದೆ. ಆದಕಾರಣ ಹೊಸದಾಗಿ ಬಂದ ದನಗಳಿಗೆ ಹುಲ್ಲನ್ನು ಕಡಿಮೆ ಮಾಡುತ್ತ ಜೋಳವನ್ನು ಹೆಚ್ಚಿಸುತ್ತ ಮೂರು ವಾರಗಳಷ್ಟು ಕಾಲ ಮೆಟ್ಟಿಲು ಮೆಟ್ಟಿಲಾಗಿ ಅಭ್ಯಾಸ ಮಾಡಿಸಬೇಕು.

ಹೊಟ್ಟೆಯೊಳಗಿನದನ್ನು ಕಾಣಲಾಗದಿದ್ದರೂ ಅದರ ಗುರುತು ಗೋದಲಿಯಲ್ಲಿ ಕಾಣುತ್ತದೆ. ಬೆಳಕು ಹರಿಯುವ ಮೊದಲೇ ಒಬ್ಬನು ವಾಹನದಲ್ಲಿ ಹೊರಟು ಪ್ರತಿ ಗೋದಲಿಯನ್ನೂ ನೋಡಿ ಅಂಕ ಕೊಡುತ್ತಾನೆ. ದಕ್ಷಿಣ ಡಕೋಟ ಸಂಸ್ಥಾನ ವಿಶ್ವವಿದ್ಯಾನಿಲಯದವರು ರೂಪಿಸಿದ ಕ್ರಮದಲ್ಲಿ ಏನೂ ಉಳಿದಿಲ್ಲವಾದರೆ ಸೊನ್ನೆ, ತಳದಲ್ಲಿ ತೆಳುವಾಗಿ ಹರಡಿದ್ದರೆ ಒಂದು, ಮುಟ್ಟದೆಯೇ ಇದ್ದರೆ ನಾಲ್ಕು. ಸೊನ್ನೆ ಬಂದಿತೆಂದು ಅಂದೇ ಮೇವನ್ನು ಬಹಳವಾಗಿ ಹೆಚ್ಚಿಸಿದರೆ ಹಸಿದ ದನಗಳು ಮುಗಿಬಿದ್ದು ತಿನ್ನುತ್ತವೆ. ಹೊಟ್ಟೆಯಲ್ಲಿ ಆಮ್ಲವೇರುತ್ತದೆ. ಮರುದಿನ ಅವು ಮೇವನ್ನು ಬಿಡುತ್ತವೆ. ಗೋದಲಿಯಲ್ಲಿ ರಾಶಿ ಉಳಿಯುತ್ತದೆ. ಅದನ್ನು ಕಂಡು ಮೇವನ್ನು ಕಡಿಮೆ ಮಾಡಿದರೆ ಅದರ ಮರುದಿನ ಮತ್ತೆ ಹಸಿವು, ಮತ್ತೆ ಮುಗಿಬೀಳುವಿಕೆ.

ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಈ ತೂಗುಯ್ಯಾಲೆ ಹೊಸದಲ್ಲ. ಫಲಿತಾಂಶವನ್ನು ನೋಡಿ ಕ್ರಿಯೆಯನ್ನು ತಿದ್ದಿಕೊಳ್ಳುವ ಯಾವ ವ್ಯವಸ್ಥೆಯಲ್ಲಿಯಾದರೂ ಹಿಮ್ಮಾಹಿತಿಯು ತಡವಾಗಿ ಬರುವುದಾದರೆ, ತಿದ್ದುವ ಕೈ ದುಡುಕಿದಷ್ಟೂ ತೂಗಾಟವು ಹೆಚ್ಚುತ್ತದೆ. ಬಿಸಿನೀರು ತಡವಾಗಿ ಬರುವ ನಲ್ಲಿಯನ್ನು ಅವಸರದಲ್ಲಿ ತಿರುಗಿಸಿದವನು ಒಮ್ಮೆ ಸುಟ್ಟುಕೊಂಡು ಒಮ್ಮೆ ನಡುಗುವಂತೆ! ಪರಿಹಾರವೆಂದರೆ ಹಿಂದಿನ ಹಲವು ದಿನಗಳನ್ನು ನೆನಪಿನಲ್ಲಿಟ್ಟು ಸ್ವಲ್ಪಸ್ವಲ್ಪವಾಗಿ ತಿದ್ದುವುದು. ನೂರಾರು ಅಂಕಣಗಳಲ್ಲಿ ಒಂದೊಂದರ ಹಿಂದಿನ ದಿನಗಳ ಮೇವು, ಗೋದಲಿಯ ಅಂಕ, ಹವೆ, ದನಗಳು ಬಂದ ದಿನ ಇವನ್ನೆಲ್ಲ ಒಬ್ಬ ಮನುಷ್ಯನು ತಲೆಯಲ್ಲಿ ಹೊರಲಾರನು. ಗಣಕಯಂತ್ರವಾದರೋ ಮರೆಯುವುದಿಲ್ಲ, ಗಾಬರಿಗೊಳ್ಳುವುದಿಲ್ಲ. ಇಂದಿನ ಅಂಕವನ್ನು ಹಿಂದಿನ ದಿನಗಳೊಂದಿಗೆ ಹೋಲಿಸಿ, ‘ಈ ಅಂಕಣಕ್ಕೆ ಇಂದು ಇಷ್ಟೇ ಹೆಚ್ಚಿಸು’ ಎಂದು ಸೂಚಿಸುತ್ತದೆ. ಈ ದೊಡ್ಡಿಗಳಲ್ಲಿ ಅದರ ದೊಡ್ಡ ಉಪಕಾರ ವೇಗವಲ್ಲ. ತಾಳ್ಮೆ ಎಂದು ನಮಗೆ ತೋರುತ್ತದೆ.

ಕಿವಿಯೋಲೆ

ಅಂಕಣದ ಲೆಕ್ಕವೆಂದರೆ ಸರಾಸರಿಯ ಲೆಕ್ಕ. ಇನ್ನೂರು ದನಗಳಲ್ಲಿ ಒಂದು ಜ್ವರದಿಂದ ಮೂಲೆಯಲ್ಲಿ ನಿಂತಿದ್ದರೂ ಸರಾಸರಿಯು ಅಲುಗುವುದಿಲ್ಲ. ಒಂದೊಂದು ದನವನ್ನೂ ಗುರುತಿಸಬೇಕಾದರೆ ಕಿವಿಯೋಲೆ ಬೇಕು. ವಿದ್ಯುನ್ಮಾನ ಕಿವಿಯೋಲೆಯಲ್ಲಿ ಬ್ಯಾಟರಿಯಿಲ್ಲ; ಒಂದು ಸಣ್ಣ ತಂತಿಸುರುಳಿಯೂ ಒಂದು ಚಿಕ್ಕ ಚಿಪ್ಪೂ ಇರುತ್ತವೆ. ಓದುವ ಉಪಕರಣವು ಸೆಕೆಂಡಿಗೆ ೧,೩೪,೨೦೦ ಸಲ ಬದಲಾಗುವ ಕಾಂತಕ್ಷೇತ್ರವನ್ನು ಉಂಟುಮಾಡಿದಾಗ ಫ್ಯಾರಡೆಯ ನಿಯಮದಂತೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟಿ, ಚಿಪ್ಪು ಎಚ್ಚೆತ್ತು ತನ್ನ ಹದಿನೈದು ಅಂಕಿಗಳ ಸಂಖ್ಯೆಯನ್ನು ಹೇಳುತ್ತದೆ. ಆ ಸಂಖ್ಯೆಗೆ ಹೊಂದಿಸಿ ದನದ ತೂಕ, ರೋಗ, ಕೊಟ್ಟ ಔಷಧ ಎಲ್ಲವನ್ನೂ ದಾಖಲೆ ಮಾಡುತ್ತಾರೆ. ಔಷಧ ಕೊಟ್ಟ ದನವನ್ನು ನಿಗದಿಯಾದ ದಿನಗಳು ಕಳೆಯುವವರೆಗೆ ಮಾರಕೂಡದೆಂಬ ನಿಯಮವುಂಟು. ಅವಧಿ ಮುಗಿಯದ ದನವು ಸಾಗಣೆಯ ಗುಂಪಿನಲ್ಲಿ ಸೇರಿದ್ದರೆ ಗಣಕಯಂತ್ರವು ಅದನ್ನು ತಡೆಯುತ್ತದೆ. ಮಾಂಸವನ್ನು ತಿನ್ನುವ ಮನೆಗಳ ಹಿತವು ಹೀಗೆ ಒಂದು ಸಂಖ್ಯೆಯನ್ನು ಅವಲಂಬಿಸಿದೆ.

ಆದರೆ ರೋಗವನ್ನು ಮೊದಲು ಕಾಣಬೇಕಷ್ಟೆ. ಈ ದೊಡ್ಡಿಗಳ ಮುಖ್ಯ ರೋಗ ಶ್ವಾಸಕೋಶದ್ದು. ದನವು ಸ್ವಭಾವತಃ ಬೇಟೆಗೆ ಗುರಿಯಾಗುವ ಪ್ರಾಣಿ. ತನ್ನ ದುರ್ಬಲತೆಯನ್ನು ಮರೆಸುವುದು ಅದರ ವಂಶಕ್ಕೆ ಬಂದ ಗುಣ. ಕ್ಯಾನ್ಸಸ್ ಸಂಸ್ಥಾನ ವಿಶ್ವವಿದ್ಯಾನಿಲಯದ ವೈಟ್ ಮತ್ತು ರೆಂಟರ್ ಎಂಬವರು ೨೦೦೯ರಲ್ಲಿ ಅಂದಾಜು ಮಾಡಿದಂತೆ, ಈ ರೋಗ ತಗಲಿದ ನೂರು ದನಗಳಲ್ಲಿ ಬರಿಗಣ್ಣಿನಿಂದ ಪತ್ತೆಯಾಗುವವು ಸುಮಾರು ೬೨ ಮಾತ್ರ. ಉಳಿದವುಗಳಿಗೆ ಸಕಾಲದಲ್ಲಿ ಔಷಧವಿಲ್ಲ. ಗೋದಲಿಗೆ ಯಾವ ದನವು ಎಷ್ಟು ಸಲ ಬಂದಿತು, ಎಷ್ಟು ಹೊತ್ತು ನಿಂದಿತು ಎಂಬುದನ್ನು ಕಿವಿಯೋಲೆಯ ಮೂಲಕ ಗಮನಿಸಿ, ಕಣ್ಣಿಗೆ ಕಾಣುವ ಮೊದಲೇ ರೋಗವನ್ನು ಊಹಿಸುವ ಸಂಶೋಧನೆಗಳು ಈ ಕಾರಣದಿಂದಲೇ ನಡೆದಿವೆ.

ಯಂತ್ರದ ಮಿತಿ

ಇಷ್ಟೆಲ್ಲ ಸಾಧನಗಳಿದ್ದೂ ೨೦೨೨ರ ಜೂನ್ ತಿಂಗಳ ನಡುವಿನಲ್ಲಿ ಕ್ಯಾನ್ಸಸ್ ಸಂಸ್ಥಾನದ ನೈಋತ್ಯ ಭಾಗದಲ್ಲಿ ಕನಿಷ್ಠ ಎರಡು ಸಾವಿರ ದನಗಳು ಬಿಸಿಲ ಝಳದಿಂದ ಸತ್ತವು. ಉಷ್ಣತೆ ಥಟ್ಟನೆ ೩೮ ಡಿಗ್ರಿಯ ಆಚೆಗೆ ಏರಿತು, ಗಾಳಿಯಲ್ಲಿ ತೇವ ಹೆಚ್ಚಿತು, ಬೀಸುಗಾಳಿ ತಗ್ಗಿತು, ರಾತ್ರಿಗಳೂ ತಂಪಾಗಲಿಲ್ಲ. ಉಷ್ಣತೆ ತೇವಗಳನ್ನು ಕೂಡಿಸಿ ಪಡೆಯುವ ಒಂದು ಸೂಚ್ಯಂಕವುಂಟು. ಅದು ೭೯ ದಾಟಿದರೆ ಅಪಾಯ, ೮೪ ಮುಟ್ಟಿದರೆ ತುರ್ತುಸ್ಥಿತಿ. ೩೮ ಡಿಗ್ರಿ ಉಷ್ಣತೆಯಲ್ಲಿ ಸಾಪೇಕ್ಷ ಆರ್ದ್ರತೆ ನೂರಕ್ಕೆ ಇಪ್ಪತ್ತಿದ್ದರೆ ಸೂಚ್ಯಂಕ ಸುಮಾರು ೮೧.೫; ಐವತ್ತಾದರೆ ೮೮.೬. ಮೆಲುಕು ಹಾಕುವ ಪ್ರಾಣಿಗೆ ಹೊರಗಿನ ಬಿಸಿಲಿನ ಜೊತೆಗೆ ಹೊಟ್ಟೆಯೊಳಗಿನ ಹುದುಗುವಿಕೆಯ ಶಾಖವೂ ಇರುತ್ತದೆ. ಹಗಲಿನ ಶಾಖವನ್ನು ರಾತ್ರಿ ಹೊರಗೆ ಬಿಡಲಾಗದೆ ಹೋದರೆ ಮರುದಿನದ ಶಾಖವು ಹಿಂದಿನ ದಿನದ್ದರ ಮೇಲೆ ಕೂಡುತ್ತದೆ.

ನೆಬ್ರಾಸ್ಕದ ಕ್ಲೇ ಸೆಂಟರಿನಲ್ಲಿರುವ ಸರ್ಕಾರಿ ಸಂಶೋಧನಾ ಕೇಂದ್ರದವರು ಇಂಥ ಅಪಾಯವನ್ನು ಮುಂಚಿತವಾಗಿ ತಿಳಿಸುವ ಲೆಕ್ಕಗಳನ್ನು ರೂಪಿಸಿದ್ದಾರೆ. ಎಚ್ಚರಿಕೆ ಬಂದಾಗ ಮೇವಿನ ಹೆಚ್ಚಿನ ಪಾಲನ್ನು ಸಂಜೆಗೆ ಹೊರಳಿಸಬಹುದು; ಹೊಟ್ಟೆಯ ಶಾಖವು ರಾತ್ರಿಯ ತಂಪಿನಲ್ಲಿ ಏಳುವಂತಾಗುತ್ತದೆ. ನೀರಿನ ತೊಟ್ಟಿಗಳನ್ನು ಹೆಚ್ಚಿಸಬಹುದು, ನೀರು ಸಿಂಪಡಿಸಬಹುದು. ಆದರೆ ನೆರಳಿಲ್ಲದ ಬಯಲಿನಲ್ಲಿ ಸಾವಿರಾರು ದನಗಳನ್ನು ಒತ್ತೊತ್ತಾಗಿ ನಿಲ್ಲಿಸಬೇಕೆ ಎಂಬ ಪ್ರಶ್ನೆಯನ್ನು ಯಂತ್ರವು ಕೇಳುವುದಿಲ್ಲ. ನಾವು ಕೊಟ್ಟ ನಿಬಂಧನೆಗಳೊಳಗೆ ಅಗ್ಗದ ಮೂಲೆಯನ್ನು ಅದು ಹುಡುಕಿಕೊಡುತ್ತದೆ, ಅಷ್ಟೆ. ಯಾವ ನಿಬಂಧನೆಗಳಿರಬೇಕು, ದನದ ನೆಮ್ಮದಿಯೂ ಅವುಗಳಲ್ಲಿ ಒಂದಾಗಬೇಕೆ ಎಂಬುದನ್ನು ನಿರ್ಧರಿಸುವ ಹೊಣೆ ಮನುಷ್ಯನದೇ.

ಈ ಗಣಿತವು ನಮ್ಮ ನಾಡಿಗೂ ಬಂದಿದೆ. ಆದರೆ ಬೇರೆ ವೇಷದಲ್ಲಿ. ೨೦೧೧-೧೨ರಲ್ಲಿ ಆರಂಭವಾಗಿ ೨೦೧೮-೧೯ರವರೆಗೆ ನಡೆದ ರಾಷ್ಟ್ರೀಯ ಹೈನು ಯೋಜನೆಯ ಮೊದಲ ಘಟ್ಟದಲ್ಲಿ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಲಿಯು ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಲ್ಲಿ ಸಮತೋಲ ಆಹಾರದ ಕಾರ್ಯಕ್ರಮವನ್ನು ನಡೆಸಿತು. ಹಳ್ಳಿಯಲ್ಲಿಯೇ ತರಬೇತಿ ಪಡೆದವರೊಬ್ಬರು ರೈತರ ಮನೆಗೆ ಬಂದು, ಹನ್ನೆರಡು ಅಂಕಿಯ ಕಿವಿಯೋಲೆಯಿರುವ ಹಸುವಿನ ತೂಕ, ಹಾಲಿನ ಪ್ರಮಾಣ, ಮನೆಯಲ್ಲಿರುವ ಹುಲ್ಲು, ಹಿಂಡಿ, ಬೂಸಾಗಳ ವಿವರಗಳನ್ನು ಗಣಕಯಂತ್ರಕ್ಕೆ ಕೊಟ್ಟರೆ ಅದು ಅಗ್ಗವಾದ ಸಮತೋಲ ಮಿಶ್ರಣವನ್ನು ತಿಳಿಸುತ್ತಿತ್ತು. ಟೆಕ್ಸಾಸಿನಲ್ಲಿ ಐವತ್ತು ಸಾವಿರ ದನಗಳಿಗೆ ಒಂದು ಲೆಕ್ಕ; ಇಲ್ಲಿ ಒಂದೇ ಹಸುವಿಗೆ ಒಂದು ಲೆಕ್ಕ. ವಿಧಾನವೊಂದೇ.

ಆಸಕ್ತಿಯುಳ್ಳ ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ತಮ್ಮ ಮನೆಯ ಇಲ್ಲವೆ ನೆರೆಮನೆಯ ಹಸುವಿಗೆ ಹಾಕುವ ಎರಡು ಬಗೆಯ ಮೇವಿನ ಬೆಲೆಯನ್ನು ವಿಚಾರಿಸಿ, ಅವುಗಳ ಶಕ್ತಿ ಪ್ರೋಟೀನುಗಳ ಪ್ರಮಾಣವನ್ನೂ ಹಸುವಿಗೆ ಬೇಕಾದಷ್ಟನ್ನೂ ಪಶುವೈದ್ಯರಿಂದ ತಿಳಿದು, ಗ್ರಾಫ್ ಕಾಗದದ ಮೇಲೆ ರೇಖೆಗಳನ್ನೆಳೆದು ಅಗ್ಗದ ಮೂಲೆಯನ್ನು ಹುಡುಕಲಿ. ಉತ್ತರ ಸಿಕ್ಕಿದ ಮೇಲೆ ಆ ಮನೆಯ ಹಿರಿಯರ ಬಳಿಗೆ ಹೋಗಿ, ಅಂಥ ಮಿಶ್ರಣವನ್ನು ಹಾಕಿದರೆ ಹಸುವು ತಿನ್ನುತ್ತದೆಯೆ ಎಂದು ಕೇಳಲಿ. ಅವರು ಕೊಡುವ ಉತ್ತರವನ್ನೂ ಒಂದು ನಿಬಂಧನೆಯಾಗಿ ಸೇರಿಸಿಕೊಂಡು ಲೆಕ್ಕವನ್ನು ಮತ್ತೊಮ್ಮೆ ಮಾಡಲಿ.